ಬೆಣ್ಣೆಯ ಬಣ್ಣದ ಗೋಡೆ

ಗೃಹಾಲಂಕರಣವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ಅನೇಕರು, ಅದು ಹಣವುಳ್ಳವರ ವಿನೋದವೆಂದು ಬಗೆದು ಪುಟವನ್ನು ಮಗುಚಿಬಿಡುವುದುಂಟು. ಹಾಗೆ ಮಗುಚಬಾರದೆಂದು ವಿನಂತಿ. ನಾವು ಹೇಳಹೊರಟಿರುವುದು ಗೋಡೆಗೆ ಬಳಿಯುವ ಒಂದು ಬಣ್ಣದ ವಿಚಾರ. ಅದೂ ಕೆಂಪು, ಹಸಿರುಗಳಂತೆ ಕಣ್ಣಿಗೆ ಹೊಡೆಯುವ ಬಣ್ಣವಲ್ಲ. ಬಿಳುಪೆಂದರೆ ಬಿಳುಪಲ್ಲ, ಹಳದಿಯೆಂದರೆ ಹಳದಿಯಲ್ಲ; ಎರಡರ ನಡುವೆ ಎಲ್ಲಿಯೋ ಸಂಕೋಚದಿಂದ ನಿಂತಿರುವ ಕೆನೆಯ ಬಣ್ಣ. ಇಷ್ಟು ಸಣ್ಣ ವಿಷಯಕ್ಕಾಗಿ ಒಂದು ಸಂಸಾರದಲ್ಲಿ ತಿಂಗಳೊಪ್ಪತ್ತು ಮಾತು ನಡೆಯಬಹುದೆ ಎಂದು ಕೇಳಿದರೆ, ನಡೆಯಿತೆಂದೇ ನಮ್ಮ ಉತ್ತರ.

ನಮ್ಮ ಮಕ್ತಲ್ ಪ್ರಾಂತದಲ್ಲಿ ಮನೆಯನ್ನು ಅಲಂಕರಿಸುವುದೆಂದರೆ ತಲೆಮಾರುಗಳಿಂದ ಒಂದೇ ಅರ್ಥ: ಸುಣ್ಣ ಬಳಿಯುವುದು. ದಸರೆಗೋ, ದೀಪಾವಳಿಗೋ, ಯುಗಾದಿಗೋ ವರ್ಷಕ್ಕೊಮ್ಮೆ. ಮನೆಯಲ್ಲಿ ಮದುವೆಯಿದ್ದರಂತೂ ತಪ್ಪದೆ. 'ಸುಣ್ಣಬಣ್ಣ' ಎಂದು ಜೋಡುನುಡಿಯಾಗಿ ಹೇಳುತ್ತೇವಾದರೂ, ಬಣ್ಣದ ಪಾಲಿಗೆ ಬರುತ್ತಿದ್ದುದು ಬಾಗಿಲಿನ ಚೌಕಟ್ಟು ಮತ್ತು ಗೋಡೆಯ ಬುಡದ ಕೆಮ್ಮಣ್ಣಿನ ಪಟ್ಟಿ ಮಾತ್ರ. ಉಳಿದುದೆಲ್ಲ ಸುಣ್ಣದ್ದೇ ರಾಜ್ಯ. ಸುಣ್ಣವೆಂಬುದು ಸಂಸ್ಕೃತದ ಚೂರ್ಣ ಶಬ್ದದ ತದ್ಭವವೆಂದು ನಾವೆಲ್ಲರೂ ವ್ಯಾಕರಣದ ಪಾಠದಲ್ಲಿ ಕಲಿಸಿದ್ದೇವೆ. ನಮ್ಮ ಬೀದಿಯ ಅಂಗಡಿಯಲ್ಲಿ ಒಂದೇ ಚೀಲದ ಆ ಪದಾರ್ಥವನ್ನು ಕನ್ನಡದವರು ಸುಣ್ಣವೆಂದೂ, ತೆಲುಗಿನವರು ಸುನ್ನಮೆಂದೂ, ಉರ್ದುವಿನವರು ಚೂನಾ ಎಂದೂ ಕೇಳುತ್ತಾರೆ. ಅಂಗಡಿಯವನು ಮೂವರಿಗೂ ಒಂದೇ ತಕ್ಕಡಿಯಲ್ಲಿ ತೂಗಿಕೊಡುತ್ತಾನೆ. ೧೯೫೬ರ ನವೆಂಬರ್ ಒಂದರಂದು ಹೈದರಾಬಾದ್ ರಾಜ್ಯವು ವಿಭಾಗಗೊಂಡಾಗ ರಾಯಚೂರು ಮೈಸೂರಿಗೆ ಸೇರಿತು, ನಾವು ಆಂಧ್ರಪ್ರದೇಶಕ್ಕೆ ಸೇರಿದೆವು. ಅಲ್ಲಿಯವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳೂ ನಮ್ಮ ಕಡೆಗೇ ಉಳಿದುವು. ೨೦೧೪ರಲ್ಲಿ ತೆಲಂಗಾಣವಾಯಿತು, ೨೦೧೯ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಗೋಡೆಯ ಸುಣ್ಣಕ್ಕೆ ಮಾತ್ರ ಇದಾವುದರ ಸುದ್ದಿಯೂ ಮುಟ್ಟಿದಂತಿಲ್ಲ.

ಸುಣ್ಣದೊಡನೆ ಬೆಣ್ಣೆಯನ್ನು ತಂದು ಕಟ್ಟಿದ ಗಾದೆಯೊಂದು ನಮ್ಮಲ್ಲಿದೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಗಡಿನಾಡ ಕನ್ನಡಿಗರು ಕೂಡಿದ ಸಭೆಗಳಲ್ಲಿ ಈ ಗಾದೆಯನ್ನು ಒಬ್ಬರಾದರೂ ಆಡದೆ ವೇದಿಕೆಯಿಂದ ಇಳಿಯುವುದಿಲ್ಲ. ಆ ದೂರಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಈ ಲೇಖನದಲ್ಲಿ ಗಾದೆಯನ್ನು ಅದರ ಮೂಲಾರ್ಥದಲ್ಲಿಯೇ ಇಟ್ಟುಕೊಳ್ಳುತ್ತೇವೆ. ಏತಕ್ಕೆಂದರೆ ನಮ್ಮ ಮನೆಯಲ್ಲಿ ಅದು ಅಕ್ಷರಶಃ ನಡೆಯಿತು.

ನಮ್ಮ ಅಣ್ಣನವರು ಹೈದರಾಬಾದಿನಲ್ಲಿ ಉದ್ಯೋಗದಲ್ಲಿದ್ದಾರೆ. ಅವರ ಮಗಳ ಮದುವೆಯನ್ನು ಊರ ಮನೆಯಿಂದಲೇ ಮಾಡಬೇಕೆಂದು ನಿಶ್ಚಯವಾಯಿತು. ಖರ್ಚಿನ ಹೆಚ್ಚು ಪಾಲು ಅವರದು. ಮನೆಯನ್ನು ಸಿದ್ಧಗೊಳಿಸುವ ಹೊಣೆ ಊರಲ್ಲಿರುವ ನಮ್ಮದು. ಮನೆ ಹಳೆಯದು. ಕಲ್ಲು ಮಣ್ಣುಗಳಿಂದ ಕಟ್ಟಿದ, ಒಂದೂವರೆ ಮೊಳ ದಪ್ಪದ ಗೋಡೆಗಳು. ನೆಲಕ್ಕೆ ಶಹಾಬಾದಿ ಹಾಸುಗಲ್ಲು. ಮುಂಭಾಗದಲ್ಲಿ ಮಾತ್ರ ಕೆಲವು ವರ್ಷಗಳ ಹಿಂದೆ ಸಿಮೆಂಟಿನ ಒಂದು ಕೋಣೆ ಏರಿತ್ತು. ಅಣ್ಣನವರು ಬಣ್ಣದ ಕಂಪನಿಯೊಂದರ ಮಾದರಿ ಪುಸ್ತಕವನ್ನು ಕಳುಹಿಸಿ, ಒಳಗೆಲ್ಲ ಪುಟ್ಟಿ ಹಚ್ಚಿ ಥಳಥಳನೆ ಹೊಳೆಯುವ ಬಿಳಿಯ ಎಮಲ್ಷನ್ ಬಳಿಯಿಸಬೇಕೆಂದು ತಿಳಿಸಿದರು. ವೀಡಿಯೋ ತೆಗೆಯುವವರು ಬರುತ್ತಾರೆ, ಬಿಳಿಯ ಗೋಡೆಯ ಮುಂದೆ ಚಿತ್ರ ಚೆನ್ನಾಗಿ ಬರುತ್ತದೆಂಬುದು ಅವರ ವಾದ.

ಆ ಮಾದರಿ ಪುಸ್ತಕವನ್ನು ನೋಡಿದವರು ಬಲ್ಲರು, ಬಿಳುಪೊಂದರಲ್ಲಿಯೇ ಎಷ್ಟು ಬಗೆಗಳು! ಪುಟದ ತುಂಬ ಉಗುರಿನಗಲದ ಚೌಕಗಳು, ಒಂದೊಂದರ ಕೆಳಗೂ ಇಂಗ್ಲಿಷ್ ಹೆಸರು. ನಾವು ಅದನ್ನು ಶಾಲೆಗೆ ಒಯ್ದು, ನಾಲ್ಕನೆಯ ತರಗತಿಯ ಮಕ್ಕಳ ಮುಂದಿಟ್ಟು, ಈ ಚೌಕಗಳಿಗೆ ನಿಮ್ಮ ಮಾತಿನಲ್ಲಿ ಹೆಸರಿಡಿರೆಂದೆವು. ಇದು ಪಠ್ಯಕ್ರಮದಲ್ಲಿ ಇಲ್ಲದ ಪಾಠ; ಆದರೂ ಆ ದಿನದಷ್ಟು ಗಲಾಟೆಯ ಸಂತೋಷವನ್ನು ನಮ್ಮ ಶಾಲೆ ಬಹುಕಾಲದಿಂದ ಕಂಡಿರಲಿಲ್ಲ. ಕೆನೆ, ಮುತ್ತು, ದಂತ, ಶಂಖ, ಹಸಿಗೋಡಂಬಿ, ಸುಲಿದ ಬೆಳ್ಳುಳ್ಳಿ, ಬೇಯಿಸಿದ ಅನ್ನ, ಹಳೆಯ ಪಂಚೆ ಎಂದು ಹೆಸರುಗಳು ಬಂದುವು. ನೇಕಾರರ ಮನೆಯ ಹುಡುಗಿಯೊಬ್ಬಳು 'ಕೋರಾ' ಎಂದಳು. ಗದ್ವಾಲ, ನಾರಾಯಣಪೇಟೆಗಳ ಮಗ್ಗದ ಸೀಮೆಯ ಮಕ್ಕಳಿಗೆ ಈ ಶಬ್ದವನ್ನು ಕಲಿಸಬೇಕಾಗಿಲ್ಲ. ಚೆಲುವೆ ಮಾಡದ, ಬಣ್ಣ ಹಾಕದ ಹತ್ತಿಯ ನೂಲಿನ ಸ್ವಂತ ಬಣ್ಣವೇ ಕೋರಾ. ಇನ್ನೊಬ್ಬ ಹುಡುಗನು ಚೌಕವೊಂದರ ಮೇಲೆ ಬೆರಳಿಟ್ಟು 'ಬಿಳಿಜೋಳ' ಎಂದನು. ನಾವು ಮರುದಿನ ಒಂದು ಹಿಡಿ ಜೋಳವನ್ನು ತಂದು ಪುಸ್ತಕದ ಮೇಲೆ ಹರಡಿ ನೋಡಿದೆವು. ಹುಡುಗನು ಹೇಳಿದ್ದು ದಿಟ. ಹೆಸರಿನಲ್ಲಿ ಬಿಳಿಯಾದರೂ ನಮ್ಮ ಹಿಂಗಾರಿ ಜೋಳದ ಕಾಳು ಬಿಳಿಯಲ್ಲ. ಒಳಗೊಂದು ದೀಪವಿಟ್ಟಂತೆ ಬೆಚ್ಚಗಿನ ಕೆನೆಯ ಬಣ್ಣ. ಇಂಥ ಶಬ್ದಗಳಿರುವ ಮಕ್ಕಳಿಗೆ ಕನ್ನಡ ಮಾಧ್ಯಮದಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಆ ಒಂದು ಹಿಡಿ ಜೋಳವನ್ನೇ ಕೊಡಬೇಕೆಂದು ನಮಗೆ ಅನಿಸಿತು.

'ಬೆಣ್ಣೆ' ಎಂಬ ಹೆಸರಿನ ಬಗೆಗೆ ಮಾತ್ರ ತರಗತಿಯಲ್ಲಿ ಜಗಳವೇ ಆಯಿತು. ಅರ್ಧ ಮಕ್ಕಳು ಬೆಣ್ಣೆ ಬಿಳಿಯೆಂದರು, ಅರ್ಧ ಮಕ್ಕಳು ಹಳದಿಯೆಂದರು. ಎರಡೂ ಪಕ್ಷಗಳು ಸರಿಯೆ. ಎಮ್ಮೆಯಿದ್ದ ಮನೆಯ ಬೆಣ್ಣೆ ಬಿಳಿ, ಆಕಳಿದ್ದ ಮನೆಯ ಬೆಣ್ಣೆ ನಸುಹಳದಿ. ಹಸಿರು ಮೇವಿನಲ್ಲಿರುವ ಕೆರೊಟೀನ್ ಎಂಬ ಹಳದಿ ವಸ್ತುವು ಆಕಳ ಹಾಲಿನ ಕೊಬ್ಬಿನಲ್ಲಿ ಹಾಗೆಯೇ ಉಳಿಯುತ್ತದೆ. ಎಮ್ಮೆಯ ದೇಹವು ಅದನ್ನು ಬಣ್ಣವಿಲ್ಲದ 'ಎ' ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ನಾವು ಈ ಲೇಖನಕ್ಕಿಟ್ಟ ತಲೆಬರಹದ ಬೆಣ್ಣೆ ಆಕಳದ್ದೆಂದು ವಾಚಕರು ತಿಳಿಯತಕ್ಕದ್ದು.

ಇರಲಿ. ಅಚ್ಚ ಬಿಳುಪನ್ನು ನಾವು ಒಪ್ಪದಿರಲು ಎರಡು ಕಾರಣಗಳಿದ್ದುವು. ಒಂದು ನಮ್ಮ ತಾಯಿಯವರ ಕಣ್ಣು, ಇನ್ನೊಂದು ನಡುಮನೆಯ ಗೋಡೆ.

ತಾಯಿಯವರ ಎರಡು ಕಣ್ಣಿನಲ್ಲಿಯೂ ಪೊರೆ ಬಂದಿತ್ತು. ಬಲಗಣ್ಣಿನ ಶಸ್ತ್ರಕ್ರಿಯೆ ಹಿಂದಿನ ವರ್ಷ ಆಯಿತು. ಎಡಗಣ್ಣಿನದು ಇನ್ನೂ ಆಗಬೇಕಾಗಿದೆ. ಶಸ್ತ್ರಕ್ರಿಯೆಯಾಗಿ ಪಟ್ಟಿ ಬಿಚ್ಚಿದ ದಿನ ಅವರು ಮನೆಗೆ ಬಂದು, ಬಲಗಣ್ಣನ್ನು ಮುಚ್ಚಿ ಗೋಡೆಯನ್ನು ನೋಡಿದರು, ಎಡಗಣ್ಣನ್ನು ಮುಚ್ಚಿ ನೋಡಿದರು, ಆಮೇಲೆ ನಮ್ಮನ್ನು ಕರೆದು, "ಈ ಕಣ್ಣಿಗೆ ಗೋಡೆ ಸುಣ್ಣದ ಹಾಗೆ ಕಾಣುತ್ತದೆ, ಈ ಕಣ್ಣಿಗೆ ಬೆಣ್ಣೆಯ ಹಾಗೆ ಕಾಣುತ್ತದೆ, ಯಾವುದು ಖರೆ?" ಎಂದು ಕೇಳಿದರು. ಅವರು ಗಾದೆಯನ್ನು ನೆನೆದು ಆಡಿದ ಮಾತಲ್ಲ, ಕಂಡದ್ದನ್ನು ಹೇಳಿದರು. ವಯಸ್ಸಾದಂತೆ ಕಣ್ಣೊಳಗಿನ ಮಸೂರವು ಹಳದಿಗೂ ಕಂದಿಗೂ ತಿರುಗಿ ನೀಲಿಯ ಬೆಳಕನ್ನು ತಡೆಯುತ್ತ ಹೋಗುತ್ತದೆ. ಆ ಮಸೂರವನ್ನು ತೆಗೆದು ತಿಳಿಯಾದ ಕೃತಕ ಮಸೂರವನ್ನಿಟ್ಟರೆ, ತಡೆದಿದ್ದ ನೀಲಿಯೆಲ್ಲ ಒಮ್ಮೆಲೆ ಒಳಗೆ ಬರುತ್ತದೆ. ಫ್ರಾನ್ಸಿನ ಚಿತ್ರಕಾರ ಮೋನೆ ಎಂಬವನಿಗೆ ೧೯೨೩ರಲ್ಲಿ ಒಂದು ಕಣ್ಣಿಗೆ ಪೊರೆಯ ಶಸ್ತ್ರಕ್ರಿಯೆಯಾದ ಮೇಲೆ ಬಣ್ಣಗಳು ಎರಡು ಕಣ್ಣಿಗೆ ಎರಡು ಬಗೆಯಾಗಿ ಕಂಡು ಆತನು ಬಹಳ ಕಳವಳಪಟ್ಟನಂತೆ. ಬಣ್ಣವೇ ಜೀವನವಾಗಿದ್ದ ಆತನ ಕಳವಳ ಸಹಜವೇ. ಮಕ್ತಲಿನ ಮನೆಯ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತ ನಮ್ಮ ತಾಯಿಯವರಿಗೂ ಅದೇ ಕಳವಳವಾಯಿತು.

ಪೊರೆಯಿರುವ ಕಣ್ಣಿಗೆ ಪ್ರಖರವಾದ ಬಿಳುಪು ವೈರಿ. ಮಬ್ಬಾದ ಮಸೂರವು ಒಳಬರುವ ಬೆಳಕನ್ನು ಚದರಿಸಿಬಿಡುವುದರಿಂದ, ಎದುರಿಗೆ ಹೊಳೆಯುವ ಗೋಡೆಯಿದ್ದರೆ ಅದರ ಮುಂದಿನ ಮನುಷ್ಯನ ಮುಖವೇ ಕರಗಿಹೋಗುತ್ತದೆ. ಎಲ್‌ಇಡಿ ದೀಪಗಳು ಬಂದ ಮೇಲೆ ಈ ತೊಂದರೆ ಮತ್ತಷ್ಟಾಗಿದೆ. ಕೆನೆಯ ಬಣ್ಣವೂ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಕೊಡುವುದರಿಂದ ಕೋಣೆಗೆ ಕತ್ತಲೆಯಾಗುವುದಿಲ್ಲ. ಆದರೆ ನೀಲಿಯನ್ನು ಸ್ವಲ್ಪ ನುಂಗಿಕೊಂಡು ಬೆಳಕನ್ನು ಮೆದುವಾಗಿ ಹಿಂದಿರುಗಿಸುತ್ತದೆ.

ಎರಡನೆಯದು ಗೋಡೆ. ನಮ್ಮ ತಂದೆಯವರು ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದ ಒಕ್ಕಲಿಗರು. ತಾಯಿಯವರು ಆತ್ಮಕೂರು ಕಡೆಯ ತೆಲುಗು ಮನೆಯಿಂದ ೧೯೭೬ರಲ್ಲಿ ಮದುವೆಯಾಗಿ ಬಂದವರು. ಮದುವೆಯಾದ ವರ್ಷವೇ ತಂದೆಯವರು ನಡುಮನೆಯ ಗೋಡೆಯ ಮೇಲೆ, ಒಲೆಯ ಮುಂದೆ ಕುಳಿತವರಿಗೆ ಕಾಣುವಷ್ಟು ಎತ್ತರದಲ್ಲಿ, ಬಡಗಿಯ ದಪ್ಪ ಪೆನ್ಸಿಲಿನಿಂದ ಕನ್ನಡದ ಸ್ವರಗಳನ್ನೂ ವ್ಯಂಜನಗಳನ್ನೂ ಸಾಲಾಗಿ ಬರೆದರು. ತೆಲುಗಿನಲ್ಲಿ ಎರಡು ವರ್ಷ ಓದಿದ್ದ ತಾಯಿಯವರು ರೊಟ್ಟಿ ತಟ್ಟುತ್ತ ತಟ್ಟುತ್ತ ಆ ಸಾಲುಗಳನ್ನು ಕಲಿತರು. ತಲೆಕಟ್ಟೊಂದು ಬೇರೆ, ಉಳಿದುದೆಲ್ಲ ನಮ್ಮದೇ ಎಂದು ಅವರು ಇಂದಿಗೂ ಹೇಳುವುದುಂಟು. ಅಕ್ಷರಮಾಲೆಯ ಕೆಳಗೆ ಜಾಗ ಉಳಿದಿತ್ತು. ಅಲ್ಲಿ ತಂದೆಯವರು ಮಕ್ಕಳು ಹುಟ್ಟಿದ ದಿನ, ವಾರ, ಗಳಿಗೆಗಳನ್ನು ಬರೆದರು. ಎತ್ತುಗಳನ್ನು ಕೊಂಡ ದರವನ್ನು ಬರೆದರು. ೨೦೦೯ರ ಅಕ್ಟೋಬರಿನಲ್ಲಿ ಕೃಷ್ಣೆಗೆ ಮಹಾಪೂರ ಬಂದು ನದಿಯ ದಂಡೆಯ ನಂಟರು ನಮ್ಮ ಮನೆಗೆ ಬಂದು ಇಳಿದ ದಿನವನ್ನೂ, ಅವರು ಎಷ್ಟು ಮಂದಿಯೆಂಬುದನ್ನೂ ಬರೆದರು. ಕೊನೆಯ ಸಾಲು ೨೦೧೩ರದು, ಜೋಳದ ಧಾರಣೆ. ಆ ವರ್ಷವೇ ಅವರು ತೀರಿಕೊಂಡರು.

ವರ್ಷವರ್ಷವೂ ಸುಣ್ಣ ಬಳಿಯುವಾಗ ತಾಯಿಯವರು ಎರಡು ಮೊಳ ಅಗಲದ ಆ ಜಾಗವನ್ನು ಬಿಟ್ಟು ಬಳಿಯಿಸುತ್ತಿದ್ದರು. ಸುತ್ತಲಿನ ಗೋಡೆ ಪ್ರತಿವರ್ಷ ಹೊಸತಾಗುತ್ತಿತ್ತು. ಆ ತುಂಡು ಮಾತ್ರ ಒಲೆಯ ಹೊಗೆ, ದೀಪದ ಹೊಗೆಗಳನ್ನು ಕುಡಿಯುತ್ತ ಹಳದಿಯಾಗುತ್ತ ಬಂದಿತು. ಹೊಸದಾಗಿ ನೋಡುವವರ ಕಣ್ಣಿಗೆ ಅದು ಬಿಳಿಯ ಗೋಡೆಗೆ ಹಚ್ಚಿದ ಹಳೆಯ ತೇಪೆ. ಮದುವೆಗೆ ಬೀಗರು ಬರುತ್ತಾರೆ, ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡು ಬಳಿದುಬಿಡಿರೆಂದು ಅಣ್ಣನವರು ಹೇಳಿದರು. ಅವರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಮಗಳ ಮದುವೆಯಲ್ಲಿ ಮನೆ ಚೆನ್ನಾಗಿ ಕಾಣಬೇಕೆಂದು ಯಾವ ತಂದೆಗೆ ಅನಿಸುವುದಿಲ್ಲ? ತಾಯಿಯವರು ಎದುರಾಡಲಿಲ್ಲ. "ಹಣ ಅವನದು" ಎಂದಷ್ಟೇ ಹೇಳಿ, ಸಂಜೆಯ ಹೊತ್ತು ಗೋಡೆಯ ಮುಂದೆ ಕುಳಿತು, ಒಂದೊಂದೇ ಸಾಲನ್ನು ಬಲಗಣ್ಣಿನಿಂದ ಓದುತ್ತಿದ್ದರು. ಪೊರೆ ತೆಗೆದ ಮೇಲೆ ಎಷ್ಟೋ ವರ್ಷಗಳ ತರುವಾಯ ಅವರಿಗೆ ಆ ಅಕ್ಷರಗಳು ಸ್ಪಷ್ಟವಾಗಿ ಕಂಡಿದ್ದುವು. ಕಾಣತೊಡಗಿದ ವರ್ಷವೇ ಅವನ್ನು ಮುಚ್ಚುವುದೆಂದರೆ ನಮ್ಮ ಮನಸ್ಸು ಒಪ್ಪಲಿಲ್ಲ.

ಆಗ ಹೊಳೆದದ್ದು ಇಷ್ಟೆ: ತೇಪೆಯನ್ನು ಗೋಡೆಯ ಬಣ್ಣಕ್ಕೆ ತರಲಾಗದಿದ್ದರೆ, ಗೋಡೆಯನ್ನೇ ತೇಪೆಯ ಬಣ್ಣಕ್ಕೆ ತರಬಹುದಲ್ಲವೆ? ಮಾದರಿ ಪುಸ್ತಕವನ್ನು ಗೋಡೆಗೆ ಹಿಡಿದು ನೋಡಿದರೆ, ಹೊಗೆ ಕುಡಿದ ಆ ಸುಣ್ಣದ ಬಣ್ಣ ನಮ್ಮ ವಿದ್ಯಾರ್ಥಿಯು ಬಿಳಿಜೋಳವೆಂದು ಹೆಸರಿಟ್ಟ ಚೌಕಕ್ಕೆ ಕೂದಲೆಳೆಯಷ್ಟು ಹತ್ತಿರವಾಗಿತ್ತು.

ಬಣ್ಣವೇನೋ ನಿಶ್ಚಯವಾಯಿತು. ಎಮಲ್ಷನ್ನೋ ಸುಣ್ಣವೋ ಎಂಬುದು ಉಳಿಯಿತು. ಈಗಿನ ಬಿಳಿಯ ಬಣ್ಣಗಳ ಬಿಳುಪಿಗೆ ಕಾರಣ ಟೈಟೇನಿಯಂ ಡೈಆಕ್ಸೈಡ್ ಎಂಬ ಪುಡಿ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅದು ಬಳಕೆಗೆ ಬಂದು, ವಿಷವಾದ ಸೀಸದ ಬಿಳುಪನ್ನು ಹಿಂದಕ್ಕೆ ತಳ್ಳಿತು. ಅದರ ಅದಿರಾದ ಇಲ್ಮನೈಟ್ ಕೇರಳದ ಕಡಲತೀರದ ಕರಿಮರಳಿನಲ್ಲಿ ಹೇರಳವಾಗಿದೆ. ಕರಿಯ ಮರಳಿನಿಂದ ಜಗತ್ತಿನ ಬಿಳುಪೆಲ್ಲ ಹುಟ್ಟುವುದೆಂಬುದು ಮಕ್ಕಳಿಗೆ ಹೇಳತಕ್ಕ ಸೋಜಿಗ. ಆ ಪುಡಿಯನ್ನು ಗೋಡೆಗೆ ಅಂಟಿಸಿ ಹಿಡಿಯುವುದು ಅಕ್ರಿಲಿಕ್ ಮೊದಲಾದ ಅಂಟುಗಳು. ಒಣಗಿದ ಮೇಲೆ ಅವು ತೆಳುವಾದ ಪ್ಲಾಸ್ಟಿಕ್ ಪೊರೆಯಾಗಿ ನಿಲ್ಲುತ್ತವೆ. ಸಿಮೆಂಟಿನ ಗೋಡೆಗೆ ಅದು ಯೋಗ್ಯವೇ. ಒದ್ದೆಬಟ್ಟೆಯಿಂದ ಒರೆಸಬಹುದು, ಒರಗಿದರೆ ಬೆನ್ನಿಗೆ ಹತ್ತದು. ಆದರೆ ನಮ್ಮ ಒಳಮನೆಯದು ಕಲ್ಲುಮಣ್ಣಿನ ಗೋಡೆ. ಅಂಥ ಗೋಡೆ ನೆಲದಿಂದ ತೇವವನ್ನು ಮೇಲಕ್ಕೆ ಹೀರಿ, ಮೈಯಿಂದ ಹೊರಕ್ಕೆ ಬಿಡುತ್ತಿರುತ್ತದೆ. ಮೈಮೇಲೆ ಪ್ಲಾಸ್ಟಿಕ್ ಪೊರೆ ಹೊದಿಸಿದರೆ ತೇವ ಹಿಂದೆಯೇ ನಿಂತು, ಸವಳು ಉಬ್ಬಿ, ಎರಡು ಮಳೆಗಾಲದೊಳಗೆ ಬಣ್ಣ ಹಪ್ಪಳದಂತೆ ಏಳುತ್ತದೆ. ನೆರೆಯ ಓಣಿಯಲ್ಲಿ ಹಾಗೆ ಎದ್ದ ಗೋಡೆಗಳನ್ನು ಅಣ್ಣನವರಿಗೆ ವೀಡಿಯೋ ಕರೆಯಲ್ಲಿಯೇ ತೋರಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಸಿಮೆಂಟು ಕೋಣೆಗಾದರೂ ತಮ್ಮ ಎಮಲ್ಷನ್ ಇರಲೆಂದರು. ಹಾಗೆಯೇ ಆಗಲೆಂದೆವು. ಅದಕ್ಕೂ ಬಿಳಿಜೋಳದ ಬಣ್ಣವನ್ನೇ ರಾಯಚೂರಿನ ಅಂಗಡಿಯ ಯಂತ್ರದಲ್ಲಿ ಬೆರೆಯಿಸಿ ತಂದೆವು. ೨೦೨೩ರ ಅಕ್ಟೋಬರಿನಲ್ಲಿ ಕಾಚಿಗೂಡದಿಂದ ಮಕ್ತಲ್, ಕೃಷ್ಣಾ ಮಾರ್ಗವಾಗಿ ರಾಯಚೂರಿಗೆ ರೈಲು ಆರಂಭವಾದಂದಿನಿಂದ ನಮಗೆ ರಾಯಚೂರು ಮತ್ತೆ ಪಕ್ಕದ ಮನೆಯಂತಾಗಿದೆ.

ಬಾಗಿಲುಗಳ ಎಣ್ಣೆಬಣ್ಣದ ಬಗೆಗೆ ಒಂದು ಮಾತು. ಹಿಂದೆ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸದ ಲವಣಗಳನ್ನು ಬೆರೆಸುತ್ತಿದ್ದರು. ಕೆರೆದಾಗ ಏಳುವ ಆ ಧೂಳು ಚಿಕ್ಕ ಮಕ್ಕಳ ಮಿದುಳಿಗೆ ಕೇಡು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ ೯೦ ಭಾಗವನ್ನು ಮೀರಬಾರದೆಂಬ ೨೦೧೬ರ ನಿಯಮವು ನಮ್ಮ ದೇಶದಲ್ಲಿ ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿದೆ. ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳಬೇಕು. ಹಳೆಯ ಬಾಗಿಲನ್ನು ಒಣದಾಗಿ ಉಜ್ಜದೆ ನೀರು ಹಚ್ಚಿ ಉಜ್ಜುವುದು ಕ್ಷೇಮ.

ಈಗ ಸುಣ್ಣಕ್ಕೆ ಬರೋಣ. ನಮ್ಮ ಉತ್ತರಕ್ಕೆ ಭೀಮಾ ನದಿಯ ಸೀಮೆಯೆಲ್ಲ, ಶಹಾಬಾದ್, ಸೇಡಂ, ತಾಂಡೂರುಗಳವರೆಗೆ, ಸುಣ್ಣಕಲ್ಲಿನ ಪದರುಗಳ ಮೇಲೆಯೇ ಮಲಗಿದೆ. ನಾವು ತುಳಿಯುವ ಹಾಸುಗಲ್ಲೂ ಸುಣ್ಣಕಲ್ಲೇ. ಆ ಕಲ್ಲನ್ನು ಸುಮಾರು ೯೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ಶುದ್ಧವಾದ ನೂರು ಸೇರು ಕಲ್ಲಿಗೆ ಐವತ್ತಾರು ಸೇರು ಸುಟ್ಟಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಕೊತಕೊತನೆ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದ ಮೇಲೆ ಅದು ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹಿಂದಕ್ಕೆ ಪಡೆದು ಮತ್ತೆ ಕಲ್ಲಾಗುತ್ತದೆ. ಆದುದರಿಂದ ಸುಣ್ಣ ಬಳಿಯುವುದೆಂದರೆ ಗೋಡೆಗೆ ಕಾಗದದಷ್ಟು ತೆಳುವಾದ ಕಲ್ಲನ್ನು ಹೊದಿಸಿದಂತೆಯೇ ಸರಿ. ಈ ಕಲ್ಲು ಉಸಿರಾಡುತ್ತದೆ. ಅದರ ಕ್ಷಾರಗುಣಕ್ಕೆ ಬೂಷ್ಟು ಹತ್ತುವುದು ಅಪರೂಪ.

ಸುಣ್ಣಕ್ಕೆ ನಮ್ಮವರು ಚಿಟಿಕೆ ನೀಲಿ ಬೆರೆಸುವುದು ರೂಢಿ. ಸುಣ್ಣದಲ್ಲಿ ಸಹಜವಾಗಿರುವ ನಸುಹಳದಿಯನ್ನು ನೀಲಿಯು ಕಣ್ಣಿನಿಂದ ಮರೆಮಾಡುವುದರಿಂದ ಗೋಡೆ ಇನ್ನಷ್ಟು ಬಿಳಿಯಾದಂತೆ ತೋರುತ್ತದೆ. ಪಂಚೆಗೆ ನೀಲಿ ಹಾಕುವ ಉಪಾಯವೇ ಇದು. ನಮಗೆ ಬೇಕಾದುದು ಇದಕ್ಕೆ ವಿರುದ್ಧವಾದ ಕೆಲಸ. ಹಳದಿಯನ್ನು ಎಲ್ಲಿಂದ ತರುವುದು? ತರಗತಿಯಲ್ಲಿ ಕೇಳಿದಾಗ ಮಕ್ಕಳು ಒಕ್ಕೊರಲಿನಿಂದ ಅರಿಸಿನವೆಂದರು. ಆಗಲಿ ನೋಡೋಣವೆಂದು ಬಟ್ಟಲಿನಲ್ಲಿ ಸುಣ್ಣದ ತಿಳಿಯನ್ನಿಟ್ಟು ಚಿಟಿಕೆ ಅರಿಸಿನ ಹಾಕಿಸಿದೆವು. ನೀರು ರಕ್ತದಂತೆ ಕೆಂಪಾಯಿತು. ಒಂದು ಕ್ಷಣ ಸುಮ್ಮನಿದ್ದ ಮಕ್ಕಳಲ್ಲಿ ಒಬ್ಬಳು, "ಆರತಿಯ ನೀರು!" ಎಂದು ಕೂಗಿದಳು. ಅಜ್ಜಿಯಂದಿರು ದೃಷ್ಟಿ ನಿವಾಳಿಸಲು ಮಾಡುವ ಓಕುಳಿ ನೀರು, ಅರಿಸಿನದಿಂದ ಕಾಸುವ ಕುಂಕುಮ, ಎಲ್ಲವೂ ಇದೇ ವಿದ್ಯೆ: ಕ್ಷಾರವು ಸೋಂಕಿದರೆ ಅರಿಸಿನ ಕೆಂಪಾಗುತ್ತದೆ. ಗಿಡಮರಗಳ ಬಣ್ಣಗಳಲ್ಲಿ ಹೆಚ್ಚಿನವು ಸುಣ್ಣದಲ್ಲಿ ಬಾಳುವುದಿಲ್ಲ. ಬಾಳುವುದು ಮಣ್ಣಿನ ಬಣ್ಣ. ರಾಮರಜವೆಂದು ಅಂಗಡಿಯಲ್ಲಿ ಮಾರುವ ಹಳದಿಮಣ್ಣಿನ ಬಣ್ಣ ಕಬ್ಬಿಣದ್ದು. ಸುಣ್ಣವಾಗಲಿ ಬಿಸಿಲಾಗಲಿ ಅದನ್ನು ಕೆಡಿಸಲಾರದು. ಅದನ್ನೇ ಕಾಸಿದರೆ ನೀರಿನಂಶ ಹೋಗಿ ಕೆಮ್ಮಣ್ಣಿನ ಬಣ್ಣವಾಗುವುದು. ಗೋಡೆಯ ಕೆನೆಯೂ ಬುಡದ ಕೆಂಪುಪಟ್ಟಿಯೂ ಒಡಹುಟ್ಟಿದವೆಂದು ನಮಗೆ ಆಗ ತಿಳಿಯಿತು.

ಸುಣ್ಣದ ಹರಳುಗಳನ್ನು ಕಬ್ಬಿಣದ ಪೀಪಾಯಿಯಲ್ಲಿ ಅರಳಿಸಿ, ಮೇಲೆ ನೀರು ನಿಲ್ಲಿಸಿ, ಮೂರು ವಾರ ಮುಚ್ಚಿಟ್ಟೆವು. ಒಂದು ರಾತ್ರಿ ನೆನೆದರೆ ಸಾಕೆನ್ನುವವರುಂಟು. ಹೆಚ್ಚು ಕಾಲ ನೆನೆದಷ್ಟೂ ಸುಣ್ಣ ಬೆಣ್ಣೆಯಂತೆ ನುಣುಪಾಗುವುದೆಂಬುದು ನಾವು ಕೈಯಾರೆ ಮುಟ್ಟಿ ಕಂಡದ್ದು. ಕೈಯಾರೆ ಎಂದರೆ ಕೈಚೀಲ ಧರಿಸಿ. ಅರಳಿಸುವಾಗ ಮಕ್ಕಳನ್ನು ಹತ್ತಿರ ಬಿಡಕೂಡದು. ಗಾದೆಯಲ್ಲಿನ ಸುಣ್ಣ ಕೇವಲ ಅಲಂಕಾರವಲ್ಲ. ಕ್ಷಾರವು ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆಯನ್ನು ಕರಗಿಸಿ ಒಳಗಿಳಿಯುತ್ತ ಹೋಗುತ್ತದೆ. ತಂಬಾಕಿನೊಡನೆ ಮಾರುವ ಸುಣ್ಣದ ಸಣ್ಣ ಪೊಟ್ಟಣಗಳನ್ನು ಆಟವಾಡುತ್ತ ಹಿಸುಕಿ, ಸಿಡಿದ ಸುಣ್ಣದಿಂದ ದೃಷ್ಟಿ ಕಳೆದುಕೊಂಡ ಮಕ್ಕಳು ನಮ್ಮ ದೇಶದ ಕಣ್ಣಾಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ. ಸುಣ್ಣ ಕಣ್ಣಿಗೆ ಬಿದ್ದರೆ ಬೇರಾವ ಮದ್ದನ್ನೂ ಹುಡುಕದೆ, ಆ ಕ್ಷಣವೇ ಧಾರಾಳವಾಗಿ ತಿಳಿನೀರು ಹೊಯ್ದು, ಅರ್ಧ ಗಂಟೆಯಾದರೂ ತೊಳೆದು, ಕೂಡಲೆ ವೈದ್ಯರಲ್ಲಿಗೆ ಒಯ್ಯಬೇಕು. ಉಪಾಧ್ಯಾಯರು ಇದೊಂದನ್ನು ತರಗತಿಯಲ್ಲಿ ಹೇಳಿದರೂ ಈ ಲೇಖನ ಬರೆದುದು ಸಾರ್ಥಕ.

ನೆನೆದ ಸುಣ್ಣವನ್ನು ತೆಳುಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತಂದು, ಕಾಸಿದ ಗೋಂದನ್ನು ಸ್ವಲ್ಪ ಬೆರೆಸಿದೆವು. ರಾಮರಜವನ್ನು ಬೇರೆಯಾಗಿ ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿಕೊಂಡೆವು. ಕಷ್ಟವಿದ್ದುದು ಬಣ್ಣದ ಹೊಂದಿಕೆಯಲ್ಲಿ. ಹಸಿಸುಣ್ಣ ಬಳಿದೊಡನೆ ಗೋಡೆ ಮಂಕಾಗಿ ತೋರುತ್ತದೆ, ಒಣಗುತ್ತ ಒಣಗುತ್ತ ಬಿಳಿಯಾಗುತ್ತದೆ. ಇಂದು ಸರಿಯೆಂದು ಕಂಡ ಬಣ್ಣ ನಾಳೆ ಬೇರೆಯೇ ಆಗಿರುತ್ತದೆ. ಆದುದರಿಂದ ಬಾಗಿಲ ಹಿಂದಿನ ಗೋಡೆಯ ಮೇಲೆ ಅಂಗೈಯಗಲದ ಚೌಕಗಳನ್ನು ಬಳಿದು, ಕೆಳಗೆ ಚಮಚಗಳ ಲೆಕ್ಕ ಬರೆದು, ಎರಡೆರಡು ದಿನ ಕಾದೆವು. ಮೊದಲನೆಯದು ಏನೂ ಆಗಲಿಲ್ಲ. ಎರಡನೆಯದು ಸೊರಗಿದ ಬಾಳೆಹಣ್ಣಿನಂತಾಯಿತು. ಐದನೆಯ ಚೌಕದಲ್ಲಿ ಒಂದು ಬಕೆಟ್ಟಿಗೆ ಎರಡೂವರೆ ಚಮಚ ರಾಮರಜ, ಕಾಲು ಚಮಚ ಕೆಮ್ಮಣ್ಣು. ಒಣಗಿದ ಮೇಲೆ ಅದನ್ನೂ ತಂದೆಯವರ ಬರಹದ ಬದಿಯನ್ನೂ ಮಾರಿಮಾರಿ ನೋಡಿದೆವು. ನಮ್ಮ ಕಣ್ಣಿಗೆ ಭೇದ ತಿಳಿಯಲಿಲ್ಲ. ತೀರ್ಪು ಹೇಳಬೇಕಾದವರು ತಾಯಿಯವರು. ಅವರು ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದನ್ನು ಮುಚ್ಚಿ ನೋಡಿದರು, ಕೊನೆಗೆ, "ಎರಡು ಕಣ್ಣಿಗೂ ಎರಡೂ ಒಂದೇ ಇವೆ" ಎಂದರು. ಅಂದರೆ ಬಲಗಣ್ಣಿಗೆ ಗೋಡೆಯೂ ತೇಪೆಯೂ ಒಂದು, ಎಡಗಣ್ಣಿಗೂ ಅವೆರಡೂ ಒಂದು. ನಮಗೆ ಬೇಕಾದುದು ಅಷ್ಟೆ.

ಬಳಿಯುವ ಕೆಲಸವನ್ನು ಮೂರು ಕೈ ಮಾಡಿಸಿದೆವು, ಒಂದೊಂದು ಕೈಗೂ ನಡುವೆ ಒಂದು ದಿನ ಬಿಟ್ಟು, ಪ್ರತಿಸಲವೂ ಗೋಡೆಗೆ ನೀರು ಚಿಮುಕಿಸಿ. ತೆಳುವಾಗಿ ಮೂರು ಸಲ ಬಳಿದದ್ದು ನಿಲ್ಲುತ್ತದೆ. ದಪ್ಪವಾಗಿ ಒಂದು ಸಲ ಬಳಿದದ್ದು ಹುಡಿಯಾಗಿ ಉದುರುತ್ತದೆ. ಬರಹದ ಅಂಚಿನಲ್ಲಿ ತಾಯಿಯವರೇ ಸಣ್ಣ ಕುಂಚ ಹಿಡಿದು ಕುಳಿತರು. ಖರ್ಚಿನ ಲೆಕ್ಕ ಕೇಳುವವರಿಗೆ ಹೇಳುವುದಾದರೆ, ಒಳಮನೆಯ ಮೂರು ಅಂಕಣಕ್ಕೆ ತಗುಲಿದ ಸುಣ್ಣ ರಾಮರಜಗಳ ಬೆಲೆ, ಮುಂದಿನ ಒಂದೇ ಕೋಣೆಯ ಎಮಲ್ಷನ್ನಿನ ಬೆಲೆಯ ಕಾಲುಪಾಲೂ ಆಗಲಿಲ್ಲ. ಕೂಲಿ ಮಾತ್ರ ಹೆಚ್ಚಾಯಿತು. ಸುಣ್ಣ ಬಳಿಯಬಲ್ಲ ಕೈಗಳು ಈಗ ಊರಲ್ಲಿ ಕಡಮೆ.

ಅಣ್ಣನವರು ಮದುವೆಗೆ ಹತ್ತು ದಿನ ಮುಂಚೆ ಬಂದರು. ಚಪ್ಪಲಿ ಬಿಟ್ಟು ನೇರವಾಗಿ ನಡುಮನೆಗೆ ಹೋಗಿ ನಿಂತರು. ತೇಪೆ ಎಲ್ಲಿಯೆಂದು ಹುಡುಕಿದರೆಂದು ತೋರುತ್ತದೆ. ತೇಪೆ ಇರಲಿಲ್ಲ, ಗೋಡೆಯ ಮೇಲೆ ಅಕ್ಷರಗಳಷ್ಟೇ ಇದ್ದುವು. ಬಹಳ ಹೊತ್ತು ನಿಂತು ಓದಿದರು. ತಾವು ಹುಟ್ಟಿದ ಸಾಲಿನ ಮುಂದೆ ಎತ್ತಿನ ದರವಿರುವುದನ್ನು ಕಂಡು, "ನನಗಿಂತ ಎತ್ತಿನದೇ ದೊಡ್ಡಕ್ಷರ" ಎಂದು ನಕ್ಕರು. ಬಿಳು‍ಪಿನ ಮಾತನ್ನು ಮತ್ತೆ ಎತ್ತಲಿಲ್ಲ. ಹಿಂದಿಯ ಅಕ್ಷರಗಳನ್ನೂ ತೆಲುಗಿನ ಅಕ್ಷರಗಳನ್ನೂ ಬಲ್ಲ ಮದುಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳನ್ನು ತಾಯಿಯವರು ಪಕ್ಕದಲ್ಲಿ ಕೂಡಿಸಿಕೊಂಡು, ತಲೆಕಟ್ಟಿನ ಭೇದವೊಂದನ್ನು ತಿಳಿಸಿ, ಸಂಜೆಯೊಳಗೆ ಅಕ್ಷರಮಾಲೆಯ ಎರಡು ಸಾಲುಗಳನ್ನು ಓದಿಸಿದರು. ಇದು ಪ್ರಶಿಕ್ಷಣ ಪಡೆದ ಉಪಾಧ್ಯಾಯರ ಮನೆ. ಆದರೆ ಆ ದಿನ ಪಾಠ ಮಾಡಿದವರು ತಾಯಿಯವರು.

ಮದುವೆಯ ತಿಥಿಯನ್ನು ಗೋಡೆಯ ಮೇಲೆ ಬರೆಯಬೇಕೆಂದು ಅವಳಿಗೆ ಆಸೆಯಾಯಿತು. ಹಳೆಯ ಸಾಲುಗಳ ಕೆಳಗೆ ಜಾಗವಿರಲಿಲ್ಲ. ಬರೆದರೆ ಹೊಸ ಸುಣ್ಣದ ಮೇಲೆ ಬರೆಯಬೇಕು. ಸುಣ್ಣ ಕಲ್ಲಾಗುವುದಕ್ಕೆ ಕೆಲವು ವಾರಗಳು ಬೇಕು, ಅಲ್ಲಿಯವರೆಗೆ ಪೆನ್ಸಿಲಿನ ಮೊನೆ ಗೋಡೆಯನ್ನು ಕೆರೆಯುತ್ತದೆಂದು ತಡೆದೆವು. ಶ್ರಾವಣದಲ್ಲಿ ತವರಿಗೆ ಬಂದಾಗ ಬರೆಯುವಳು. ತಾಯಿಯವರ ಎಡಗಣ್ಣಿನ ಶಸ್ತ್ರಕ್ರಿಯೆಯನ್ನೂ ಅದೇ ಹೊತ್ತಿಗೆ ಇಟ್ಟುಕೊಂಡಿದ್ದೇವೆ.

ಪೀಪಾಯಿಯಲ್ಲಿ ಇನ್ನೂ ಮೂರು ಬಕೆಟ್ಟಿನಷ್ಟು ನೆನೆದ ಸುಣ್ಣ ಉಳಿದಿದೆ. ಮೇಲೆ ನೀರು ನಿಂತಿರುವವರೆಗೆ ಅದು ಕೆಡುವುದಿಲ್ಲ. ಶಾಲೆಯ ಗೋಡೆಗಾಗಲಿ, ಮನೆಗಾಗಲಿ ಬೇಕಾದ ಉಪಾಧ್ಯಾಯ ಬಂಧುಗಳು ಮುಚ್ಚಳವಿರುವ ಡಬ್ಬಿಯನ್ನು ತಂದು ಒಯ್ಯಬಹುದು. ರಾಮರಜವನ್ನು ಮಾತ್ರ ತಾವೇ ಕೊಂಡುಕೊಳ್ಳತಕ್ಕದ್ದು.